ನರ್ಸಕ್ಕನ ಒಡಕು ತಟ್ಟೆ

ನನ್ನ ಅಂಗಡಿಯ ಮೇಜಿನ ಮೇಲೆ, ತೂಕದ ಯಂತ್ರದ ಪಕ್ಕದಲ್ಲಿ, ಒಂದು ಒಡಕು ತಟ್ಟೆ ಇದೆ. ಗಿರಾಕಿಗಳು ಮೂಸಿ ನೋಡಲಿ ಎಂದು ಅದರಲ್ಲಿ ಒಂದು ಹಿಡಿ ಕರಿಮೆಣಸು, ನಾಲ್ಕು ಏಲಕ್ಕಿ ಹಾಕಿಟ್ಟಿರುತ್ತಿದ್ದೆ. ಬೂದಿ ಬಣ್ಣಕ್ಕೆ ತುಸು ಹಸಿರು ಬೆರೆತ ಹೊಳಪು. ಅಂಚಿನಿಂದ ಹೊರಟು ನಡುವಿನವರೆಗೆ ಬಂದು ನಿಂತ ಒಡಕು. ಎರಡು ಹೋಳಾಗಿಲ್ಲ, ಹಾಗೆಂದು ಸರಿಯಾಗಿಯೂ ಇಲ್ಲ. ಕಳೆದ ತಿಂಗಳು ಮಡಿಕೇರಿ ಕಡೆಯ ಹುಡುಗಿಯೊಬ್ಬಳು ಮೆಣಸು ಕೊಳ್ಳಲು ಬಂದವಳು ಮೆಣಸು ಬಿಟ್ಟು ತಟ್ಟೆಯನ್ನು ಕೈಗೆತ್ತಿಕೊಂಡಳು. ನನ್ನನ್ನು ಒಂದು ಮಾತೂ ಕೇಳದೆ ಮೆಣಸನ್ನೆಲ್ಲ ಮೇಜಿನ ಮೇಲೆ ಸುರಿದು, ತಟ್ಟೆಯನ್ನು ಬೆಳಕಿಗೆ ಹಿಡಿದು, ಒಡಕಿನುದ್ದಕ್ಕೂ ಉಗುರಾಡಿಸಿದಳು.

"ಇದು ಯಾರು ಮಾಡಿದ್ದು ಆಂಟಿ?"

"ನರ್ಸಕ್ಕ" ಎಂದೆ. ಆ ಹೆಸರು ನನ್ನ ಬಾಯಿಗೆ ಬಂದು ಎಷ್ಟು ಕಾಲವಾಗಿತ್ತೋ...

ಸುಂಟಿಕೊಪ್ಪ ದಾಟಿ ಕುಶಾಲನಗರದ ಕಡೆಗೆ ಹೋಗುವಾಗ ಪ್ರವಾಸಿಗರು ಕಾರು ನಿಲ್ಲಿಸುವಂಥ ಅಂಗಡಿಗಳು ಸಿಗುತ್ತವಲ್ಲ, ಅವುಗಳಲ್ಲಿ ನನ್ನದೂ ಒಂದು. ಮೆಣಸು, ಏಲಕ್ಕಿ, ಜೇನು ತರಿಸಿ ಮಾರುತ್ತೇನೆ. ಕಾಫಿ ಬೀಜವನ್ನು ಮಾತ್ರ ನಾನೇ ಹುರಿದು ಪುಡಿ ಮಾಡುತ್ತೇನೆ. ಅಂಗಡಿಯ ಹಿಂದೆ ನಮ್ಮ ಮನೆ, ಅದರ ಹಿಂದೆ ನರ್ಸಕ್ಕನ ಮನೆ, ಅದಕ್ಕೂ ಕೆಳಗೆ ನಾಟಿ ನಿಲ್ಲಿಸಿ ಪಾಳು ಬಿಟ್ಟ ನಮ್ಮ ಗದ್ದೆ. ನರ್ಸಕ್ಕ ಒಂದು ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ನರ್ಸಾಗಿ ಜೀವಮಾನ ಸವೆಸಿದವರು. ನಿವೃತ್ತಿಯಾದ ಮೇಲೆ ಈ ಮನೆ ಕೊಂಡರು. ಮನೆಗೆ ಒಂದು ಕಾರ್ ಶೆಡ್ ಇತ್ತು, ಅವರಿಗೆ ಕಾರಿರಲಿಲ್ಲ. ಮೈಸೂರಿನ ಹತ್ತಿರ ಎಲ್ಲಿಗೋ ಹೋಗಿ ಮೂರು ತಿಂಗಳು ಕುಂಬಾರಿಕೆ ಕಲಿತು, ಕಾಲಲ್ಲಿ ತುಳಿದು ತಿರುಗಿಸುವ ಒಂದು ತಿಗರಿಯನ್ನು ಪಿಕಪ್ಪಿನಲ್ಲಿ ಹಾಕಿಸಿಕೊಂಡು ಬಂದು ಆ ಶೆಡ್ಡಿನಲ್ಲಿ ಸ್ಥಾಪನೆ ಮಾಡಿದರು. ಊರಿಗೆ ಒಳ್ಳೆಯ ತಮಾಷೆ ಸಿಕ್ಕಿತು. ಪಿಂಚಣಿ ತಿಂದುಕೊಂಡು ತೆಪ್ಪಗಿರುವುದು ಬಿಟ್ಟು ಈ ವಯಸ್ಸಿನಲ್ಲಿ ಮಣ್ಣು ಕಲಸುತ್ತಾಳೆ ಎಂದು ನಕ್ಕವರಲ್ಲಿ ನಾನೂ ಇದ್ದೆ. ಸುಳ್ಳೇಕೆ ಹೇಳಲಿ.

ನಗು ನಿಂತದ್ದು ಅವರ ಕೆಲಸ ನೋಡಿದ ಮೇಲೆ. ಬೆಳಿಗ್ಗೆ ಆರೂವರೆಗೆ ಶೆಡ್ಡಿನ ಬಾಗಿಲು ತೆಗೆಯುತ್ತಿತ್ತು. ಮೊದಲ ಕೆಲಸ ನಾದುವುದು. ಕಡುಬಿನ ಹಿಟ್ಟು ನಾದುವವರ ಹಾಗೆ ಸೊಂಟದಿಂದ ಬಲ ಹಾಕಿ, ಮಣ್ಣಿನೊಳಗಿನ ಗಾಳಿಯೆಲ್ಲ ಹೋಗುವ ತನಕ. ಆಮೇಲೆ ಹತ್ತು ಗಂಟೆಯವರೆಗೆ ತಿಗರಿ. ಕರೆಂಟು ಇದ್ದರೂ ಒಂದೇ, ಹೋದರೂ ಒಂದೇ, ಕಾಲಿತ್ತಲ್ಲ. ಹತ್ತಕ್ಕೆ ಒಂದು ಲೋಟ ಕಾಫಿ ಕುಡಿಯಲು ನನ್ನ ಅಂಗಡಿಗೆ ಬರುತ್ತಿದ್ದರು, ಮೊಣಕೈವರೆಗೆ ಒಣಗಿದ ಮಣ್ಣು, ಮೂಗಿನ ತುದಿಯಲ್ಲೂ ಮಣ್ಣು. ಮಧ್ಯಾಹ್ನ ಹಿಂದಿನ ದಿನದ ತಟ್ಟೆ ಬಟ್ಟಲುಗಳ ತಳ ಕೆತ್ತುವುದು, ಹಿಡಿ ಕೂರಿಸುವುದು. ಮಳೆಗಾಲದಲ್ಲಿ ಮಾಡಿದ್ದು ಯಾವುದೂ ಒಣಗುತ್ತಿರಲಿಲ್ಲ. ಬಿಸಿಲು ಒಂದಿಷ್ಟು ಇಣುಕಿದರೆ ಸಾಕು, ಹಲಗೆಗಳನ್ನೆಲ್ಲ ಹೊತ್ತು ಅಂಗಳಕ್ಕೆ ಇಡುವುದು, ಮೋಡ ಕವಿದರೆ ಓಡೋಡಿ ಒಳಗೆ ಸೇರಿಸುವುದು. ದಿನಕ್ಕೆ ಐದಾರು ಸಲ. ಒಮ್ಮೊಮ್ಮೆ ನಾನೂ ಅಂಗಡಿ ಬಿಟ್ಟು ಓಡಿದ್ದೇನೆ.

ಹೊಳಪಿನ ಲೇಪವನ್ನೂ ಅವರು ಅಂಗಡಿಯಿಂದ ತರುತ್ತಿರಲಿಲ್ಲ. ಕಾಫಿ ಹೊಟ್ಟು ಸುಟ್ಟು, ಆ ಬೂದಿಯನ್ನು ಏಳು ನೀರಿನಲ್ಲಿ ತೊಳೆದು, ಸೋಸಿ ಲೇಪ ಮಾಡುತ್ತಿದ್ದರು. ಮಾಡಿದ್ದನ್ನು ಸುಡಲು ಶೆಡ್ಡಿನ ಪಕ್ಕ ಇಟ್ಟಿಗೆಯಲ್ಲಿ ಕಟ್ಟಿಸಿದ್ದ ಗೂಡಿಗೆ ಸೌದೆ ಮರಗಸಿಯದು. ತೋಟದಲ್ಲಿ ನೆರಳು ತೆಳುವಾಗಲೆಂದು ಕಡಿದುಹಾಕಿದ ಸಿಲ್ವರ್ ಓಕಿನ ಕೊಂಬೆಗಳನ್ನು ಎಸ್ಟೇಟಿನಲ್ಲಿ ಕೂಲಿ ಮಾಡುವ, ಹಳೇ ಪರಿಚಯದ ಲೈನ್‌ಮನೆಯ ಹೆಂಗಸರು ಹೊತ್ತು ತಂದು ಹಾಕುತ್ತಿದ್ದರು. ಅವರಿಗೆ ಆಗಲೂ ಜ್ವರ ಬಂದರೆ ನರ್ಸಕ್ಕನೇ ಬೇಕಿತ್ತು.

ಆ ಹೆಂಗಸರಿಂದಲೇ ನರ್ಸಕ್ಕನಿಗೊಂದು ಅಭ್ಯಾಸ ಅಂಟಿಕೊಂಡಿತ್ತು. ಯಾರೇ ಬಂದು ಹೊರಡಲಿ, ಅವರು ಹೊಸ್ತಿಲ ಹತ್ತಿರ ಹೋದಾಗ ಇವರು ಕೂತಲ್ಲಿಂದಲೇ ಕೇಳುತ್ತಿದ್ದರು: "ಇನ್ನೇನಾದ್ರೂ ಹೇಳೋದಿದ್ಯಾ?" ಯಾಕೆ ಹಾಗೆ ಕೇಳುತ್ತೀರಿ ಎಂದು ನಾನೊಮ್ಮೆ ವಿಚಾರಿಸಿದ್ದೆ. ಡಿಸ್ಪೆನ್ಸರಿಗೆ ಬಂದ ಹೆಣ್ಣುಮಕ್ಕಳು ತಲೆನೋವು ಎಂದು ಮಾತ್ರೆ ತೆಗೆದುಕೊಂಡು ಎದ್ದುಬಿಡುತ್ತಾರಂತೆ. ನಿಜವಾದ ನೋವು ಬಾಯಿಗೆ ಬರುವುದು ಬಾಗಿಲ ಬಳಿ ಹೋದಾಗ, ಬೆನ್ನು ತಿರುಗಿಸಿಕೊಂಡು. "ಕೇಳದೆ ಬಿಟ್ರೆ ಹಂಗೇ ನುಂಗ್ಕೊಂಡು ಹೋಗ್ತಾರೆ ಕಣೆ" ಎಂದಿದ್ದರು.

ಅವರು ಬಳಸುತ್ತಿದ್ದದ್ದು ನಮ್ಮ ಗದ್ದೆಯ ಮಣ್ಣು. ಒಂದು ದಿನ ಬಕೆಟ್ ಹಿಡಿದುಕೊಂಡು ಬಂದು ಕೇಳಿದ್ದರು. ಮಣ್ಣು ತಾನೇ, ತಗೊಂಡು ಹೋಗಲಿ ಎಂದರು ನಮ್ಮ ಮನೆಯವರು. ಗದ್ದೆಯ ಮೂಲೆಯಲ್ಲಿ ಒಂದು ಗುಂಡಿ ತೋಡಿ, ಸೊಂಟದಾಳದಲ್ಲಿ ಸಿಗುವ ಬೂದು ಜೇಡಿಯನ್ನು ತಂದು, ಗೋಣಿ ಹೊದಿಸಿ, ತಿಂಗಳುಗಟ್ಟಲೆ ಹುಳಿಯಲು ಬಿಡುತ್ತಿದ್ದರು. ಆಗಾಗ ಉಳಿದ ಮಜ್ಜಿಗೆಯನ್ನು ಅದರ ಮೇಲೆ ಚಿಮುಕಿಸುವುದೂ ಇತ್ತು. ಆ ವಾಸನೆ ನಮ್ಮ ಅಡುಗೆಮನೆಯವರೆಗೂ ಬರುತ್ತಿತ್ತು, ನಾನು ಗೊಣಗುತ್ತಿದ್ದೆ.

ಅವರಿಗೆ ಕಲಿಸಿದ ಮೇಷ್ಟರು, ಅಲ್ಲಿ ಇಲ್ಲಿ ಕುಂಬಾರಿಕೆ ಮಾಡುವವರು, ಎಲ್ಲರೂ ಒಂದೇ ಮಾತು ಹೇಳಿದ್ದರು. ಈ ಕಡೆಯ ಮಣ್ಣು ಹೂಕುಂಡಕ್ಕೆ ಸರಿ, ಹೆಚ್ಚೆಂದರೆ ಹೆಂಚಿಗೆ. ಊಟದ ತಟ್ಟೆಗೆ ಬೇಕಾದ ಉರಿಯನ್ನು ಅದು ತಡೆಯುವುದಿಲ್ಲ. ಪ್ಯಾಕೆಟ್ಟಿನಲ್ಲಿ ಸಿದ್ಧ ಮಣ್ಣು ಬರುತ್ತದೆ, ತರಿಸಿಕೊಳ್ಳಿ. ನರ್ಸಕ್ಕ ಒಪ್ಪಲಿಲ್ಲ. "ಇಲ್ಲಿ ಕೂತು ಬೇರೆ ಊರಿನ ಮಣ್ಣು ತಟ್ಟೋದಾದ್ರೆ ನಾನ್ಯಾಕೆ ಇಲ್ಲಿರಬೇಕು?" ಎನ್ನುತ್ತಿದ್ದರು. ನಾಲ್ಕು ವರ್ಷ ಪಟ್ಟು ಹಿಡಿದು ಕೂತರು. ಇಷ್ಟು ಜೇಡಿ, ಇಷ್ಟು ಮರಳು, ಇಷ್ಟು ಕುಟ್ಟಿದ ಇಟ್ಟಿಗೆ ಪುಡಿ ಎಂದು ಬೆರೆಸಿ ರೂಪಾಯಿಯಗಲದ ಬಿಲ್ಲೆಗಳನ್ನು ಮಾಡಿ ಸುಡುವುದು, ಬೆನ್ನಿಗೆ ನಂಬರು ಗೀಚುವುದು, ಕಿಟಕಿಯ ಮೇಲೆ ಸಾಲಾಗಿ ಇಡುವುದು. ಸೀಳಿದ್ದು, ಉಬ್ಬಿದ್ದು, ಕರಗಿ ಅಂಟಿಕೊಂಡದ್ದು ಎಲ್ಲವೂ ಅಲ್ಲಿದ್ದವು. ರೋಗಿಗಳ ಜ್ವರ ಬರೆದಿಡುತ್ತಿದ್ದ ಶಿಸ್ತಿನಲ್ಲೇ ಒಂದೊಂದರ ಹಣೆಬರಹವನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದರು. ಕೊನೆಗೆ ಲೋಟಗಳು ಉರಿ ತಡೆದು ನಿಂತವು. ಬಟ್ಟಲುಗಳು ನಿಂತವು. ಅವನ್ನು ನನ್ನ ಅಂಗಡಿಯಲ್ಲೇ ಇಟ್ಟೆವು. ಒಂದು ರೆಸಾರ್ಟಿನ ಮೇಡಂ ಬಂದು ನೋಡಿ, ಡೈನಿಂಗ್ ಹಾಲಿಗೆ ನಲವತ್ತೆಂಟು ತಟ್ಟೆ ಬೇಕು ಎಂದರು.

ತಟ್ಟೆ ಎಂದರೆ ಲೋಟದ ಹಾಗಲ್ಲ. ಅಗಲ ಹೆಚ್ಚಿದಷ್ಟೂ ಮಣ್ಣಿನ ಗುಣ ಬಯಲಾಗುತ್ತದೆ. ಈ ನಲವತ್ತೆಂಟು ಗೂಡಿನಿಂದ ಸರಿಯಾಗಿ ಬಂದರೆ ನಮ್ಮ ಗದ್ದೆಯ ಮಣ್ಣು ಗೆದ್ದ ಹಾಗೆ, ನಾಲ್ಕು ವರ್ಷ ಗೆದ್ದ ಹಾಗೆ ಎಂದು ನರ್ಸಕ್ಕ ಹೇಳಿದ್ದರು. ಇಡೀ ಮಳೆಗಾಲ ಅವರು ಮಾಡಿದ್ದು ಅದೊಂದನ್ನೇ. ಬೆರಳ ಸಂದುಗಳು ಬಿರಿದು ರಕ್ತ ಬರುತ್ತಿತ್ತು. ಕೊಬ್ಬರಿ ಎಣ್ಣೆ ಸವರಿಕೊಂಡು ಮತ್ತೆ ಕೂರುತ್ತಿದ್ದರು.

ಮಳೆ ಹಿಂದೆ ಸರಿದು, ಕಾಫಿ ಇನ್ನೂ ಹಣ್ಣಾಗುವ ಮುಂಚೆ, ಗೂಡಿಗೆ ಬೆಂಕಿ ಇಟ್ಟರು. ಮುಂಜಾನೆಯಿಂದ ಸಂಜೆಯವರೆಗೆ ಉರಿಸಿ, ಬಾಗಿಲಿಗೆ ಇಟ್ಟ ಇಟ್ಟಿಗೆಗಳ ಸಂದಿಗೆಲ್ಲ ಮಣ್ಣು ಮೆತ್ತಿ ಮುಚ್ಚಿದರು. ಅದು ತಾನಾಗಿ ತಣ್ಣಗಾಗಬೇಕು, ಎರಡು ಹಗಲು ಪೂರ್ತಿ. ಬಾಗಿಲು ತೆಗೆಯುವ ಮುಂಚೆ ನರ್ಸಕ್ಕ ಗೂಡಿನ ಇಟ್ಟಿಗೆಗೆ ಕೆನ್ನೆ ಇಟ್ಟು ನೋಡುತ್ತಿದ್ದರು. ಕೈಯಲ್ಲಿ ಮುಟ್ಟಿ ನೋಡಿದರಾಗದೇ ಎಂದು ಕೇಳಿದ್ದಕ್ಕೆ, "ಮಕ್ಕಳ ಜ್ವರನೂ ನಾನು ಅಂಗೈಯಲ್ಲಿ ನೋಡ್ತಿರಲಿಲ್ಲ. ಕೆಲಸ ಮಾಡೋರ ಅಂಗೈ ಮರಗಟ್ಟಿರ್ತದೆ. ಕೆನ್ನೆ ಸುಳ್ಳು ಹೇಳಲ್ಲ" ಎಂದಿದ್ದರು.

ಗೂಡು ಮುಚ್ಚಿದ ಮಾರನೆಯ ಬೆಳಿಗ್ಗೆ ಪೊನ್ನಂಪೇಟೆಯಿಂದ ಫೋನು ಬಂತು. ಅಲ್ಲಿದ್ದ ಅವರ ತಂಗಿ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದರು. ನರ್ಸಕ್ಕ ಚೀಲ ಹಿಡಿದು ಹೊರಟರು. "ನಾಳೆ ಸಂಜೆಗೆ ಬರ್ತೀನಿ. ಮಳೆ ಬಂದ್ರೆ ಗೂಡಿಗೆ ಟಾರ್ಪಾಲು ಎಳಿ, ಅಷ್ಟೇ. ಬೇರೇನೂ ಮಾಡ್ಬೇಡ" ಎಂದರು. ನಾನು ಆಯ್ತು ಎಂದೆ.

ಅದೇ ದಿನ ಮಧ್ಯಾಹ್ನ ರೆಸಾರ್ಟಿನ ಮೇಡಂ ಕಾರಿನಿಂದ ಇಳಿದರು. ಮಡಿಕೇರಿಗೆ ಹೋಗುವ ದಾರಿ, ತಟ್ಟೆ ಆಯ್ತಾ ನೋಡಿಕೊಂಡು ಹೋಗೋಣ ಅಂತ ಬಂದೆ ಎಂದರು. ಅವರಿಲ್ಲ, ನಾಡಿದ್ದು ಬನ್ನಿ ಎಂದಿದ್ದರೆ ಮುಗಿದಿತ್ತು. ಆದರೆ ನನಗೆ ದೊಡ್ಡಸ್ತಿಕೆ. ಈ ಕೆಲಸದಲ್ಲಿ ನಾನೂ ಒಬ್ಬಳು, ಮಣ್ಣು ನಮ್ಮದು, ಅಂಗಡಿ ನಮ್ಮದು ಎಂದು ತೋರಿಸಿಕೊಳ್ಳುವ ಚಪಲ. ಅಲ್ಲದೆ ಇಷ್ಟು ವರ್ಷದಲ್ಲಿ ಒಂದು ಸಲವೂ ನರ್ಸಕ್ಕ ನನ್ನ ಕೈಯಲ್ಲಿ ಗೂಡಿನ ಬಾಗಿಲು ತೆಗೆಸಿರಲಿಲ್ಲ. ಮೇಡಮ್ಮನನ್ನು ಹಿಂದಕ್ಕೆ ಕರೆದುಕೊಂಡು ಹೋದೆ. ಇಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿದೆ. ಬೆಚ್ಚಗಿದೆ ಅನ್ನಿಸಿತು, ಅಷ್ಟೇ. ದಿನವಿಡೀ ಕಾಫಿ ಹುರಿಯುವ ಕೈ ನನ್ನದು, ಬಾಣಲೆಯ ಅಂಚನ್ನು ಬಟ್ಟೆಯಿಲ್ಲದೆ ಹಿಡಿಯುತ್ತೇನೆ. ಕೆನ್ನೆಯ ನೆನಪು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆ ಮೇಡಮ್ಮನ ಮುಂದೆ ಗೋಡೆಗೆ ಕೆನ್ನೆ ಒತ್ತಿಕೊಂಡು ನಿಲ್ಲಲು ನಾಚಿಕೆಯಾಯಿತು.

ಮೂರು ಇಟ್ಟಿಗೆ ಎಳೆದೆ. ಬಿಸಿ ಝಳ ಮುಖಕ್ಕೆ ಹೊಡೆಯಿತು. ಒಳಗೆ ಹಸಿರು ಬೂದಿ ಬಣ್ಣದ ತಟ್ಟೆಗಳು ಅಟ್ಟದ ಮೇಲೆ ಅಟ್ಟ, ಒಂದಕ್ಕಿಂತ ಒಂದು ಚಂದ. ಒಂದೂ ಒಡೆದಿರಲಿಲ್ಲ. ಇದನ್ನು ನಾನು ನನ್ನ ಕಣ್ಣಾರೆ ಕಂಡಿದ್ದೇನೆ, ನಾನು ಮತ್ತು ಆ ಮೇಡಂ ಇಬ್ಬರೇ. ಗದ್ದೆಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಿಣ್ ಎಂದು ಸದ್ದಾಯಿತು. ಮತ್ತೊಂದು. ಆಮೇಲೆ ಒಂದರ ಹಿಂದೆ ಒಂದು, ಸಣ್ಣ ಗೆಜ್ಜೆಯಂತೆ. "ನೋಡಿ, ಹಾಡ್ತಾ ಇದಾವೆ" ಎಂದೆ ನಾನು. ಹೌದು, ಇದೇ ಮಾತನ್ನೇ ಹೇಳಿದೆ. ಮೇಡಂ ಖುಷಿಯಾಗಿ ಫೋನು ತೆಗೆದು ಆ ಹಾಡನ್ನು ರೆಕಾರ್ಡ್ ಮಾಡಿಕೊಂಡರು. ಅವರು ಹೋದ ಮೇಲೆ ಇಟ್ಟಿಗೆ ಮತ್ತೆ ಇಟ್ಟು, ಬಕೆಟ್ಟಿನಲ್ಲಿದ್ದ ಮಣ್ಣನ್ನೇ ಮೆತ್ತಿ ಮೊದಲಿನಂತೆ ಮಾಡಿದೆ. ಮೆತ್ತಿದ್ದು ನಿಮಿಷದಲ್ಲಿ ಒಣಗಿತು. ಅಷ್ಟು ಬೇಗ ಒಣಗಿತಲ್ಲ ಎಂದು ಆಗಲೂ ಈ ಮಂಡೆಗೆ ಹೊಳೆಯಲಿಲ್ಲ.

ಮರುದಿನ ಸಂಜೆ ಬಂದ ನರ್ಸಕ್ಕ, ಅದರ ಮರುದಿನ ಬೆಳಿಗ್ಗೆ ಕೆನ್ನೆ ಇಟ್ಟು ನೋಡಿ ಬಾಗಿಲು ತೆಗೆದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮೊದಲ ತಟ್ಟೆ ಕೈಗೆ ಬರುವಾಗಲೇ ಎರಡು ಹೋಳಾಯಿತು. ಎರಡನೆಯದು ಅಟ್ಟದಲ್ಲೇ ಹೋಳಾಗಿತ್ತು. ಅವರು ಒಂದೊಂದನ್ನೇ ತೆಗೆದು ಅಂಗಳದಲ್ಲಿ ಸಾಲಾಗಿ ಜೋಡಿಸಿದರು. ನಲವತ್ತೆಂಟರಲ್ಲಿ ಸರಿ ಇದ್ದದ್ದು ಒಂದೂ ಇಲ್ಲ. ಒಂದು ಹೋಳನ್ನು ಎತ್ತಿಕೊಂಡು, ಒಡೆದ ಅಂಚಿನ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಆ ತುದಿಯಿಂದ ಈ ತುದಿಗೆ ಆಡಿಸಿದರು. ಬೆರಳಿಂದ ರಕ್ತ ಬಂತು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ಆ ನೋಟವನ್ನು ನಾನು ದುಃಖ ಎಂದುಕೊಂಡೆ.

ಎರಡೇ ದಿನದಲ್ಲಿ ಊರಿಗೆಲ್ಲ ಗೊತ್ತಾಯಿತು. ಎದುರಿನ ಚಾದಂಗಡಿಯವನು "ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರೆ, ಇವರಿಗೆ ದೊಣ್ಣೆನೂ ಬೇಕಾಗಲಿಲ್ಲ ನೋಡಿ" ಎಂದು ನಗಾಡಿದ. ದೊಣ್ಣೆ ಅವನ ಬೆಂಚಿನ ಮೇಲೆಯೇ ಕೂತು ಚಾ ಕುಡಿಯುತ್ತಿತ್ತು. ಅದೂ ನಕ್ಕಿತು. ರೆಸಾರ್ಟಿನವರು ಲೋಕಲ್ ಮಣ್ಣು ರಿಸ್ಕ್ ಎಂದು ಬೇರೆ ಕಡೆಯಿಂದ ತಟ್ಟೆ ತರಿಸಿಕೊಂಡರು. ಕಲಿಸಿದ ಮೇಷ್ಟರು ಫೋನಿನಲ್ಲಿ, ಮೊದಲೇ ಹೇಳಿದ್ದೆನಲ್ಲ ಎಂದರಂತೆ. ಎಲ್ಲರೂ ಸೇರಿ ಮಣ್ಣಿನ ತಲೆಯ ಮೇಲೆ ಗೂಬೆ ಕೂರಿಸಿದರು.

ಒಂದು ವಾರ ಬಿಟ್ಟು ನರ್ಸಕ್ಕ ಹತ್ತು ಗಂಟೆಯ ಕಾಫಿಗೆ ಬಂದರು. ಲೋಟ ಕೈಯಲ್ಲಿ ಹಿಡಿದುಕೊಂಡು, "ಎಲ್ರೂ ಮಣ್ಣಿಂದೇ ತಪ್ಪು ಅಂತಾರೆ. ನಿಮ್ಮ ಗದ್ದೆ ಮಣ್ಣು. ನೀನೇನಂತೀಯ?" ಎಂದು ಕೇಳಿದರು.

ಅವತ್ತು ಅಂಗಡಿಯಲ್ಲಿ ಯಾರೂ ಇರಲಿಲ್ಲ. ಹೇಳಬಹುದಿತ್ತು. ಬೈಯುತ್ತಿದ್ದರು, ಹೆಚ್ಚೆಂದರೆ ಒಂದು ತಿಂಗಳು ಮಾತು ಬಿಡುತ್ತಿದ್ದರು. ಮಣ್ಣಾದರೂ ಬದುಕುತ್ತಿತ್ತು.

"ಮಣ್ಣೇ ಇರ್ಬೇಕು ಅಕ್ಕ" ಎಂದೆ.

ಅವರು ಕಾಫಿಯನ್ನು ಅರ್ಧಕ್ಕೇ ಇಟ್ಟು ಎದ್ದರು. ಮನೆಗೆ ಹೋಗಿ ಒಂದು ತಟ್ಟೆ ಹಿಡಿದುಕೊಂಡು ಮರಳಿ ಬಂದರು. ನಲವತ್ತೆಂಟರಲ್ಲಿ ಹೋಳಾಗದೆ, ಬರೀ ಸೀಳಿ ಉಳಿದಿದ್ದ ಒಂದೇ ಒಂದು. "ಇದು ನಿನ್ನ ಹತ್ರ ಇರಲಿ. ಅಂಚು ಕೊಯ್ತದೆ, ನೋಡ್ಕೋ" ಎಂದರು. ಎಷ್ಟು ಕಾಳಜಿ ನೋಡು ಎಂದುಕೊಂಡೆ ನಾನು.

ಆಮೇಲಿನ ವಾರ ಅವರು ಶೆಡ್ಡಿನಲ್ಲಿ ಹುಳಿಯಲು ಇಟ್ಟಿದ್ದ ಮಣ್ಣನ್ನೆಲ್ಲ ಬಕೆಟ್ಟಿನಲ್ಲಿ ಹೊತ್ತು ಗದ್ದೆಯ ಗುಂಡಿಗೇ ಸುರಿದರು. ನಾಲ್ಕು ದಿನ ಹಿಡಿಯಿತು. ನಾನೂ ಹೊತ್ತೆ! ಅಯ್ಯೋ ಪಾಪ ಎಂದು ಸೆರಗು ಸಿಕ್ಕಿಸಿಕೊಂಡು ನಾನೂ ಹೊತ್ತೆ. ಕೊನೆಯ ಬಕೆಟ್ ಸುರಿದು, ಗುಂಡಿ ಮುಚ್ಚಿ, ಮೇಲೆ ಕಾಲಿಂದ ತುಳಿದು ಮಟ್ಟ ಮಾಡಿದರು. ಕಿಟಕಿಯ ಮೇಲಿನ ಬಿಲ್ಲೆಗಳೂ ಅದರೊಳಗೇ ಹೋದವು.

ಮತ್ತೆ ಎರಡು ವರ್ಷ ಪ್ಯಾಕೆಟ್ ಮಣ್ಣಿನಲ್ಲಿ ಕೆಲಸ ಮಾಡಿದರು. ತಟ್ಟೆಯ ತಂಟೆಗೆ ಹೋಗಲಿಲ್ಲ. ಪುಟ್ಟ ಆನೆ, ಕೊಡಗಿನ ಹೆಸರು ಬರೆದ ದೀಪ, ಪ್ರವಾಸಿಗರಿಗೆ ಬೇಕಾದ ಆಟಿಕೆ. ನನ್ನ ಅಂಗಡಿಯಲ್ಲಿ ಚೆನ್ನಾಗಿಯೇ ಹೋಗುತ್ತಿದ್ದವು. ಬೆಳಿಗ್ಗೆ ಶೆಡ್ಡು ತೆಗೆಯುವುದು ಎಂಟಾಯಿತು, ಒಂಬತ್ತಾಯಿತು. ನಾನು ಹೋಗಿ ಬರುತ್ತಿದ್ದೆ. ಹೊರಡುವಾಗ, ನಾನು ಹೊಸ್ತಿಲ ಹತ್ತಿರ ತಲುಪಿದಾಗ, ಬೆನ್ನ ಹಿಂದಿನಿಂದ ಬರುತ್ತಿತ್ತು: "ಇನ್ನೇನಾದ್ರೂ ಹೇಳೋದಿದ್ಯಾ?" ಹಳೇ ಚಾಳಿ ಎಂದುಕೊಂಡು, ಏನಿಲ್ಲ ಅಕ್ಕ ಎನ್ನುತ್ತಿದ್ದೆ. ಪ್ರತಿ ಸಲ ಕೇಳಿದರು. ಒಂದು ಸಲವೂ ತಪ್ಪಿಸಲಿಲ್ಲ. ಹೇಳುತ್ತಲೇ ಬೇಗ ಬೇಗ ಹೊಸ್ತಿಲು ದಾಟಿಬಿಡುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರು ಬೇರೆ ಹೇಗಿರುತ್ತಾರೆ?

ನರ್ಸಕ್ಕನಿಗೆ ಮಂಡಿ ಹಿಡಿದುಕೊಂಡಾಗ ತಂಗಿ ಬಂದು ಪೊನ್ನಂಪೇಟೆಗೆ ಕರೆದುಕೊಂಡು ಹೋದರು. ತಿಗರಿಯನ್ನು ಗುಜರಿಯವರು ಒಯ್ದರು. ಅಲ್ಲಿಗೆ ನಾನು ಹೋದದ್ದು ಒಂದೇ ಸಲ. ಮಲಗಿದ್ದರು, ಕೈ ಮಾತ್ರ ಹೊದಿಕೆಯ ಹೊರಗಿತ್ತು, ಸ್ವಚ್ಛವಾಗಿತ್ತು. ಉಗುರಿನ ಸಂದಿನಲ್ಲಿ ಮಣ್ಣಿಲ್ಲದ ಅವರ ಕೈಯನ್ನು ನಾನು ನೋಡಿದ್ದು ಅದೇ ಮೊದಲು... ಕಾಫಿ ಪುಡಿ ಕೊಟ್ಟೆ, ಅದೂ ಇದೂ ಮಾತಾಡಿದೆ, ಎದ್ದೆ. ಬಾಗಿಲ ಹತ್ತಿರ ಬಂದಾಗ ಕೇಳಿದರು. ದನಿ ಸಣ್ಣಗಿತ್ತು, ಆದರೂ ಕೇಳಿದರು. "ಹುಷಾರಾಗಿ ಅಕ್ಕ, ಇನ್ನೊಂದ್ಸಲ ಬರ್ತೀನಿ" ಎಂದೆ. ಅವರು ಗೋಡೆಯ ಕಡೆ ಮಗ್ಗುಲಾದರು. ಇನ್ನೊಂದು ಸಲ ಹೋದದ್ದು ಹನ್ನೊಂದನೇ ದಿನದ ಊಟಕ್ಕೆ.

ಇಷ್ಟನ್ನೂ ಆ ಹುಡುಗಿಗೆ ನಾನು ಹೇಳಲಿಲ್ಲ. ನಮ್ಮ ಗದ್ದೆಯ ಮಣ್ಣಿನಲ್ಲಿ ಮಾಡಿದ್ದು, ಮಣ್ಣು ಸರಿ ಇರಲಿಲ್ಲ, ಗೂಡಿನಲ್ಲೇ ಒಡೆಯಿತು ಎಂದೆ. ಅಭ್ಯಾಸವಾಗಿಬಿಟ್ಟಿತ್ತು ನೋಡಿ, ನಾಲಿಗೆ ತಾನಾಗಿ ಆಡಿತು. ಅವಳೂ ಮನೆಯಲ್ಲೇ ಕುಂಬಾರಿಕೆ ಮಾಡುತ್ತಾಳಂತೆ. ತಲೆ ಅಲ್ಲಾಡಿಸಿದಳು.

"ಮಣ್ಣು ಚೆನ್ನಾಗೇ ಇದೆ ಆಂಟಿ. ಮಣ್ಣಿನ ತಪ್ಪಾಗಿದ್ರೆ ಬಿಸಿ ಏರುವಾಗ್ಲೇ ಬಿರೀತದೆ, ಆಮೇಲೆ ಗ್ಲೇಜ್ ಕರಗಿ ಹರಿದು ಅಂಚು ನುಣ್ಣಗಾಗ್ತದೆ. ಇದು ನೋಡಿ, ಕತ್ತಿ ಹಂಗೆ ಕೊಯ್ತದೆ. ಎಲ್ಲ ಗಟ್ಟಿಯಾದ್ಮೇಲೆ ತಣ್ಣನೆ ಗಾಳಿ ಹೊಡೆದು ಒಡೆದಿದ್ದು. ಬಾಗಿಲು ಬೇಗ ತೆಗೆದಿದಾರೆ, ಅಷ್ಟೇ. ಮುಟ್ಟಿದ್ರೇ ಗೊತ್ತಾಗ್ತದಲ್ಲ."

ಮುಟ್ಟಿದರೇ ಗೊತ್ತಾಗುತ್ತದೆ. ಅಂಗಳದಲ್ಲಿ ಆ ಹೆಬ್ಬೆರಳು, ಆ ರಕ್ತ, ತಲೆ ಎತ್ತಿ ನೋಡಿದ ಆ ನೋಟ... ಬಾಗಿಲು ತೆಗೆದವರು ಯಾರೆಂದು ಅವರು ಬೇರೆ ಯಾರನ್ನು ಕೇಳಬೇಕಿತ್ತು? ಕಾವಲಿಗೆ ಬಿಟ್ಟು ಹೋದದ್ದು ನನ್ನೊಬ್ಬಳನ್ನೇ. ಗೊತ್ತಿದ್ದೇ ಕೇಳಿದರು, ನೀನೇನಂತೀಯ ಎಂದು. ಗೊತ್ತಿದ್ದೇ ನಾಲ್ಕು ವರ್ಷದ ಮಣ್ಣನ್ನು ನನ್ನ ಜೊತೆ ಹೊತ್ತು ಸುರಿದರು. ಅಂಚು ಕೊಯ್ತದೆ, ನೋಡ್ಕೋ ಎಂದು ಕೈಗೇ ಕೊಟ್ಟು ಹೇಳಿದರು, ನಾನು ಅದರಲ್ಲಿ ಮೆಣಸು ತುಂಬಿಟ್ಟೆ. ನನ್ನ ಬಗ್ಗೆ ನನಗೆ ಈಗ ಬರುವ ಅಸಹ್ಯಕ್ಕೆ ಹೆಸರಿಲ್ಲ. ಅವರ ಮೇಲೂ ಸಿಟ್ಟು ಬರುತ್ತದೆ. ಬೈದುಬಿಡಬಾರದಿತ್ತೇ, ಊರ ಮುಂದೆ ನಿಲ್ಲಿಸಿ ಕೆನ್ನೆಗೆ ಬಾರಿಸಬಾರದಿತ್ತೇ?

ಹುಡುಗಿ ಮೆಣಸಿನ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ, "ಕೆಲಸ ಚೆನ್ನಾಗಿ ಗೊತ್ತಿತ್ತು ಅವರಿಗೆ. ಪಾಪ, ತುಂಬಾ ಆತುರದವರು ಅನ್ಸತ್ತೆ" ಎಂದಳು. ಇಷ್ಟು ಕಾಲ ಮಣ್ಣಿನ ಮೇಲಿದ್ದ ಗೂಬೆ ಈಗ ನರ್ಸಕ್ಕನ ತಲೆಗೇ ಬಂದು ಕೂತಿತು. ಅವಳು ಹೊಸ್ತಿಲು ದಾಟುವಾಗ ನನ್ನ ಬಾಯಿಂದ ಹೊರಟಿತು.

"ಆತುರ ಅವರದಲ್ಲಮ್ಮ. ಬಾಗಿಲು ತೆಗೆದಿದ್ದು ನಾನು."

ಅವಳು ತಿರುಗಿ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಿತೋ, ಸಮಾಧಾನ ಮಾಡುವಂತೆ ನಕ್ಕಳು. "ಅಯ್ಯೋ, ಹೋಗ್ಲಿ ಬಿಡಿ ಆಂಟಿ. ಒಂದು ಪ್ಲೇಟ್ ತಾನೇ."

ಒಂದಲ್ಲ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಡಿಕೇರಿಯ ಬಸ್ಸು ಬಂತು, ಅವಳು ಓಡಿ ಹತ್ತಿದಳು. ಮೇಜಿನ ಮೇಲೆ ಚೆಲ್ಲಿದ್ದ ಮೆಣಸನ್ನು ಡಬ್ಬಕ್ಕೆ ತುಂಬಿದೆ. ತಟ್ಟೆಯನ್ನು ಒರೆಸಿ, ಒಡಕು ನನ್ನ ಕಡೆಗೆ ಬರುವಂತೆ ತಿರುಗಿಸಿ, ಖಾಲಿಯಾಗಿಯೇ ಇಟ್ಟೆ.